ಎಚ್‌-1ಬಿ ಲೇಆಫ್: 60 ದಿನದ ಆಚೆಗಿನ ಲೆಕ್ಕ

2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ಕೆಲಸದಿಂದ ತೆಗೆಯಿತು. ಎರಡೂವರೆ ತಿಂಗಳ ಒಳಗೆ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಎಂದು ಘೋಷಿಸಿದವು. ಆಮೇಲೆ ಅದು ಪೂರ್ತಿ ನಿಂತೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಅಮೆಜಾನ್ ಮತ್ತೆ 14,000 ಹುದ್ದೆ ತೆಗೆಯುವುದಾಗಿ ಹೇಳಿತು. ಇಂಥ ಸುದ್ದಿ ಬಂದಾಗೆಲ್ಲ ಸನ್ನಿವೇಲ್, ಸಿಯಾಟಲ್, ಡಲ್ಲಾಸ್ ಕಡೆಯ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು ಓಡಾಡುತ್ತದೆ: 60 ದಿನ.

ಎಚ್‌-1ಬಿ, ಅಂದರೆ ಪರಿಣತ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಕೆಲಸ ಹೋದ 60 ದಿನದಲ್ಲಿ ಇನ್ನೊಂದು ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು ಅನ್ನುವುದು ಈಗ ಊರಲ್ಲಿರುವ ಅಪ್ಪ ಅಮ್ಮನಿಗೂ ಗೊತ್ತು. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಒಂದೇ ಟೀಮಿನ ಇಬ್ಬರು ಎಚ್‌-1ಬಿ ನೌಕರರಿಗೆ ಒಂದೇ ದಿನ ಒಂದೇ ಮೇಲ್ ಬಂದರೂ ಇಬ್ಬರ ಕಷ್ಟ ಒಂದೇ ಅಲ್ಲ. ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿಯ ಸಾಲಿನಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2025ರ ಸೆಪ್ಟೆಂಬರ್‌ನಿಂದ ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ಹೊಸ ಕೆಲಸ ಸಿಗುವ ಹೊತ್ತಿಗೆ ನೀವು ಅಮೆರಿಕದ ಒಳಗಿದ್ದೀರಾ, ಹೊರಗಿದ್ದೀರಾ? ನನ್ನ ಮಟ್ಟಿಗೆ ಈ ಎರಡು ಪ್ರಶ್ನೆಗಳು 60 ದಿನಕ್ಕಿಂತ ದೊಡ್ಡವು.

ಮೊದಲು ಆ 60 ದಿನದ ವಿಷಯವನ್ನೇ ಮುಗಿಸಿಬಿಡೋಣ. ಅದರ ಬಗ್ಗೆಯೇ ತಪ್ಪು ತಿಳುವಳಿಕೆ ಜಾಸ್ತಿ.

ಎಚ್‌-1ಬಿ ಹುಟ್ಟಿದ್ದು 1990ರ ವಲಸೆ ಕಾನೂನಿನಲ್ಲಿ. ಕೆಲಸ ಹೋದವರಿಗೆ ಅದರಲ್ಲಿ ಒಂದು ದಿನದ ಬಿಡುವೂ ಇರಲಿಲ್ಲ. ಶುಕ್ರವಾರ ಕೆಲಸ ಹೋದರೆ ಶನಿವಾರದಿಂದ ಸ್ಟೇಟಸ್, ಅಂದರೆ ಕಾನೂನುಬದ್ಧವಾಗಿ ಅಲ್ಲಿರುವ ಆಧಾರ ಇಲ್ಲ, ಅಷ್ಟೇ. ಡಾಟ್‌ಕಾಂ ಕುಸಿತದಲ್ಲಿ, ಆಮೇಲೆ 2008-09ರಲ್ಲಿ ಕೆಲಸ ಕಳೆದುಕೊಂಡವರು ಈ ಅಡಕತ್ತರಿಯಲ್ಲೇ ಒದ್ದಾಡಿದರು. 60 ದಿನದ ಬಿಡುವು ಜಾರಿಗೆ ಬಂದದ್ದು 2017ರ ಜನವರಿ 17ರಂದು, ಒಬಾಮಾ ಅಧಿಕಾರ ಬಿಡುವ ವಾರದಲ್ಲಿ. ಅಂದರೆ ಇದು ಅಮೆರಿಕದ ಸಂಸತ್ತು ಕಾನೂನು ಮಾಡಿ ಕೊಟ್ಟ ಹಕ್ಕಲ್ಲ, ಇಲಾಖೆ ಬರೆದ ನಿಯಮ. ಬೇಕಿದ್ದರೆ ದಿನ ಕಡಿಮೆ ಮಾಡುವ, ಕೊಡದೇ ಇರುವ ಅಧಿಕಾರವನ್ನೂ ಇಲಾಖೆ ಆ ನಿಯಮದಲ್ಲೇ ಇಟ್ಟುಕೊಂಡಿದೆ.

ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ಕೊನೆಯ ಸಂಬಳದ ದಿನದ ಮಾರನೆಯ ದಿನದಿಂದ. ಶನಿವಾರ, ಭಾನುವಾರ, ಕ್ರಿಸ್‌ಮಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಐ-94, ಅಂದರೆ ಎಷ್ಟು ದಿನದ ತನಕ ಇರಬಹುದು ಎಂದು ಹೇಳುವ ದಾಖಲೆ, ಮೂವತ್ತನೇ ದಿನಕ್ಕೇ ಮುಗಿಯುತ್ತಿದ್ದರೆ ನಿಮ್ಮ ಪಾಲಿಗೆ 30 ದಿನ ಮಾತ್ರ. ಒಂದು ಅನುಮೋದನೆಯ ಅವಧಿಯಲ್ಲಿ ಈ ಬಿಡುವು ಒಂದೇ ಸಲ. ಇನ್ನೊಂದು ಮುಖ್ಯ ವಿಷಯ, ಆ 60 ದಿನದ ಒಳಗೆ ಆಗಬೇಕಾದದ್ದು ಆಫರ್ ಅಲ್ಲ. ಹೊಸ ಕಂಪನಿಯ ಅರ್ಜಿ ವಲಸೆ ಇಲಾಖೆಯ ಕೈ ಸೇರಬೇಕು. ಅರ್ಜಿಗೂ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ, ಅಂದರೆ ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಕೊಡುವ ಹೇಳಿಕೆಗೆ ಒಪ್ಪಿಗೆ ಆಗಬೇಕು. ಅದಕ್ಕೇ 7 ಕೆಲಸದ ದಿನ. ವಕೀಲರು ದಾಖಲೆ ಕೇಳುವುದು, ಎಚ್‌ಆರ್ ಸಹಿ ಹಾಕುವುದು ಬೇರೆ. ಹಾಗಾಗಿ ಆಫರ್ ಲೆಟರ್ ಕೈಗೆ ಬರಬೇಕಾದ್ದು 40ನೇ ದಿನದ ಆಸುಪಾಸಿನಲ್ಲಿ. ದೊಡ್ಡ ಕಂಪನಿಗಳ ಇಂಟರ್‌ವ್ಯೂ ಸುತ್ತುಗಳೇ ಒಂದೂವರೆ ತಿಂಗಳು ಎಳೆಯುತ್ತವೆ ಅನ್ನುವುದು ಗೊತ್ತಿದ್ದವರಿಗೆ ಈ ಲೆಕ್ಕ ಎಷ್ಟು ಬಿಗಿ ಅಂತ ಹೇಳಬೇಕಿಲ್ಲ. ಸಮಾಧಾನ ಒಂದೇ. ಅರ್ಜಿ ಇಲಾಖೆ ತಲುಪಿದ ಮೇಲೆ ಅನುಮೋದನೆಗೆ ಕಾಯದೆ ಹೊಸ ಕಡೆ ಕೆಲಸ ಶುರು ಮಾಡಬಹುದು. 2000ದ ಎಸಿ-21 ಕಾನೂನು ಕೊಟ್ಟ ಅನುಕೂಲ ಇದು. ಮೊದಲ ಸಲ ಎಚ್‌-1ಬಿ ಪಡೆಯಲು ಗೆಲ್ಲಬೇಕಾದ ಲಾಟರಿಯೂ ಮತ್ತೆ ಬೇಕಿಲ್ಲ.

ಇಲ್ಲೇ ಒಂದು ಚೌಕಾಸಿಯ ಜಾಗ ಇದೆ. ತುಂಬ ಜನ ಅದನ್ನು ಬಿಟ್ಟುಕೊಡುತ್ತಾರೆ. 100 ಅಥವಾ ಹೆಚ್ಚು ನೌಕರರಿರುವ ಕಂಪನಿ ಸಾಮೂಹಿಕವಾಗಿ ಜನರನ್ನು ತೆಗೆಯುವಾಗ 60 ದಿನ ಮೊದಲು ತಿಳಿಸಬೇಕು ಅನ್ನುತ್ತದೆ 1988ರ ವಾರ್ನ್ ಕಾನೂನು. ನ್ಯೂಯಾರ್ಕ್ ರಾಜ್ಯದಲ್ಲಿ ಅದು 90 ದಿನ. ಅದಕ್ಕೇ ಹಲವು ಕಂಪನಿಗಳು ಲ್ಯಾಪ್‌ಟಾಪ್ ಅಂದೇ ವಾಪಸ್ ತೆಗೆದುಕೊಂಡರೂ ಎರಡು ತಿಂಗಳು ಪೇರೋಲ್‌ನಲ್ಲಿ ಇಟ್ಟಿರುತ್ತವೆ. ಹೀಗೆ ಸಂಬಳ ಬರುವ ದಿನಗಳು ಮುಗಿದ ಮೇಲೆ ಬಿಡುವಿನ ಎಣಿಕೆ ಶುರು ಎಂದೇ ಹೆಚ್ಚಿನ ವಕೀಲರು ಓದುತ್ತಾರೆ. ಆದರೆ ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ ಹಾಗಲ್ಲ. ಒಂದೇ ಗಂಟಿನಲ್ಲಿ ನಾಲ್ಕು ತಿಂಗಳ ಸಂಬಳ ಕೊಟ್ಟರೂ ಅದರಿಂದ ಒಂದು ದಿನವೂ ಹೆಚ್ಚುವುದಿಲ್ಲ. ಪಕ್ಕದ ಸೀಟಿನ ಅಮೆರಿಕನ್ ಪ್ರಜೆಗೆ ಎರಡೂ ಒಂದೇ. ಎಚ್‌-1ಬಿಯವರಿಗೆ ಆ ದುಡ್ಡಿನ ಒಂದು ಭಾಗವನ್ನು ಬಿಟ್ಟುಕೊಟ್ಟು ಪೇರೋಲ್ ದಿನ ಪಡೆಯುವುದೇ ಲಾಭ. ಎಚ್‌ಆರ್ ಒಪ್ಪದೇ ಇರಬಹುದು. ಕೇಳುವುದಕ್ಕೆ ಖರ್ಚಿಲ್ಲ, ಅಲ್ವಾ?

ಇದರ ಜೊತೆಗೇ ಇನ್ನೊಂದು ಮಾತು. "ತೆಗೆದರು ಅಂತ ಬೇಡ, ನೀವೇ ರಾಜೀನಾಮೆ ಕೊಟ್ಟಂತೆ ಇರಲಿ, ದಾಖಲೆ ಚೆನ್ನಾಗಿರುತ್ತದೆ" ಎಂದು ಯಾರಾದರೂ ಸಲಹೆ ಕೊಟ್ಟರೆ ಸಹಿ ಹಾಕುವ ಮೊದಲು ಯೋಚಿಸಿ. ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕಂಪನಿ ನೌಕರನ ವಾಪಸ್ ಪ್ರಯಾಣದ ಖರ್ಚು ಕೊಡಬೇಕು ಎಂಬ ನಿಯಮವಿದೆ. ನೌಕರನಿಗೆ ಮಾತ್ರ, ಹೆಂಡತಿ ಮಕ್ಕಳಿಗೆ ಅಲ್ಲ. ತಾನಾಗಿ ಬಿಟ್ಟವರಿಗೆ ಅದೂ ಇಲ್ಲ.

ಸಾಲಿನಲ್ಲಿ ಎಲ್ಲಿದ್ದೀರಿ?

ಎಚ್‌-1ಬಿ ಹೆಸರಿಗೆ ತಾತ್ಕಾಲಿಕ ವೀಸಾ. ಮೂರು ವರ್ಷ, ಮತ್ತೆ ಮೂರು, ಒಟ್ಟು ಆರು. ಆರು ವರ್ಷಕ್ಕೆ ಮುಗಿಯುವ ವೀಸಾ ಆಗಿದ್ದರೆ ಕೆಲಸ ಹೋದಾಗ ಇಷ್ಟು ದೊಡ್ಡ ಸಂಕಟ ಆಗುತ್ತಿರಲಿಲ್ಲ. ಬಂದವರು ಆರು ವರ್ಷದ ಲೆಕ್ಕದಲ್ಲೇ ಬದುಕು ಕಟ್ಟಿಕೊಳ್ಳುತ್ತಿದ್ದರು. ಮನೆ ಕೊಳ್ಳುತ್ತಿರಲಿಲ್ಲ, ಅಪ್ಪ ಅಮ್ಮನ ಮನೆ ಮಾರುತ್ತಲೂ ಇರಲಿಲ್ಲ. ತೊಂದರೆ ಬಂದದ್ದು ಆ ಆರು ವರ್ಷ ಹದಿನೈದು, ಇಪ್ಪತ್ತು ವರ್ಷ ಆದದ್ದರಿಂದ.

ಗ್ರೀನ್ ಕಾರ್ಡ್ ದಾರಿಯಲ್ಲಿ ಮೂರು ಗೇಟುಗಳಿವೆ. ಮೊದಲನೆಯದು ಪರ್ಮ್. ಈ ಕೆಲಸಕ್ಕೆ ಅರ್ಹ ಅಮೆರಿಕನ್ ನೌಕರ ಸಿಗಲಿಲ್ಲ ಎಂದು ಕಂಪನಿ ಜಾಹೀರಾತು ಕೊಟ್ಟು ತೋರಿಸಬೇಕು. ಎರಡನೆಯದು ಐ-140. ಕಂಪನಿ ನಿಮ್ಮ ಪರವಾಗಿ ಹಾಕುವ ಅರ್ಜಿ. ಪರ್ಮ್ ಸಲ್ಲಿಸಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಟೋಕನ್. ಟೋಕನ್ ಕೂಗಿದಾಗ ಮೂರನೆಯ ಗೇಟು ಐ-485, ಗ್ರೀನ್ ಕಾರ್ಡಿಗೆ ನೀವೇ ಹಾಕುವ ಅರ್ಜಿ. ಅಲ್ಲಿಗೆ ತಲುಪಿದರೆ ಗ್ರೀನ್ ಕಾರ್ಡ್ ಹತ್ತಿರ ಬಂತು ಎಂದು ಅರ್ಥ.

ಈ ಟೋಕನ್ ಭಾರತೀಯರಿಗೆ ಮಾತ್ರ ಯಾಕೆ ಇಷ್ಟು ತಡವಾಗಿ ಕೂಗುತ್ತಾರೆ? ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಇವೆ. ಅದರಲ್ಲೇ ಹೆಂಡತಿ, ಗಂಡ, ಮಕ್ಕಳೂ ಸೇರಬೇಕು. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರ ಶೇ. 7 ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಅತ್ತ ಎಚ್‌-1ಬಿ ಅನುಮೋದನೆಗಳಲ್ಲಿ ನೂರಕ್ಕೆ ಸುಮಾರು 70 ಭಾರತೀಯರದ್ದು. ಒಳಗೆ ಬರುವ ಬಾಗಿಲಿಗೆ ದೇಶದ ಲೆಕ್ಕವಿಲ್ಲ, ನೆಲೆ ನಿಲ್ಲುವ ಬಾಗಿಲಿಗೆ ಇದೆ. ಅದಕ್ಕೇ ಸಾಲು ಬೆಳೆಯುತ್ತಲೇ ಹೋಗಿದೆ. ಕುಟುಂಬದವರನ್ನೂ ಸೇರಿಸಿದರೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಈ ಸಾಲಿನಲ್ಲಿದ್ದಾರೆ ಎಂಬ ಅಂದಾಜು 2023ರಲ್ಲಿ ಬಂದಿತ್ತು. 2025ರ ಕೊನೆಯಲ್ಲೂ ಇಬಿ-2, ಅಂದರೆ ಉದ್ಯೋಗದ ಗ್ರೀನ್ ಕಾರ್ಡಿನ ಎರಡನೇ ವರ್ಗದಲ್ಲಿ ಭಾರತಕ್ಕೆ ಕೂಗುತ್ತಿದ್ದ ದಿನಾಂಕ 2013ರದ್ದು.

ಈಗ ಲೇಆಫ್‌ಗೆ ಬರೋಣ. ಎಂಎಸ್ ಮುಗಿಸಿ, ಲಾಟರಿ ಗೆದ್ದು, ಎಚ್‌-1ಬಿಯ ಎರಡನೇ ವರ್ಷದಲ್ಲಿರುವ ಹುಡುಗಿಗೆ ಕೆಲಸ ಹೋದರೆ ಭಯ ಜಾಸ್ತಿ, ನಷ್ಟ ಕಡಿಮೆ. ಅವಳ ಪರ್ಮ್ ಶುರುವೇ ಆಗಿಲ್ಲ, ಹಾಗಾಗಿ ಕಳೆದುಕೊಳ್ಳಲು ಸಾಲೂ ಇಲ್ಲ. ಆರು ವರ್ಷದಲ್ಲಿ ನಾಲ್ಕು ಬಾಕಿ ಇದೆ.

ನಿಜವಾಗಿ ಕತ್ತಿಯ ಅಂಚಿನ ಮೇಲಿರುವುದು ಐದನೇ ವರ್ಷದಲ್ಲಿದ್ದು, ಪರ್ಮ್ ನಡೆಯುತ್ತಿರುವಾಗ ಕೆಲಸ ಕಳೆದುಕೊಳ್ಳುವವರು. ಆರು ವರ್ಷ ದಾಟಿ ಉಳಿಯಲು ಒಂದೋ ಐ-140 ಅನುಮೋದನೆ ಆಗಿರಬೇಕು, ಇಲ್ಲವೇ ಪರ್ಮ್ ಅಥವಾ ಐ-140 ಸಲ್ಲಿಸಿ 365 ದಿನ ಆಗಿರಬೇಕು. ಪರ್ಮ್ ಕಂಪನಿಗೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಅದು ಕಸದ ಬುಟ್ಟಿಗೆ. ಹೊಸ ಕಂಪನಿ ಮೊದಲಿಂದ ಶುರು ಮಾಡಬೇಕು. ಈಚಿನ ವರ್ಷಗಳಲ್ಲಿ ಪರ್ಮ್ ಮುಗಿಯಲು ಒಂದೂವರೆ, ಎರಡು ವರ್ಷ ಹಿಡಿಯುತ್ತಿದೆ. ಸೇರಿದ ಹೊಸಬರಿಗೆ ಮೊದಲ ವರ್ಷ ಪರ್ಮ್ ಶುರು ಮಾಡುವುದಿಲ್ಲ ಅನ್ನುವ ಕಂಪನಿಗಳೂ ಇವೆ. 60 ದಿನದ ಒಳಗೆ ಒಳ್ಳೆಯ ಕೆಲಸವೇ ಸಿಕ್ಕಿದರೂ ಆರನೇ ವರ್ಷದ ಕೊನೆಗೆ ದೇಶ ಬಿಡಬೇಕಾಗಿ ಬರಬಹುದು. ಇಂಥವರು ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಪರ್ಮ್ ಯಾವತ್ತು ಶುರು ಮಾಡುತ್ತೀರಿ?

ಐ-140 ಅನುಮೋದನೆ ಆಗಿ 180 ದಿನ ದಾಟಿದ್ದರೆ ಚಿತ್ರವೇ ಬೇರೆ. ಹಳೆಯ ಕಂಪನಿ ಅದನ್ನು ವಾಪಸ್ ತೆಗೆದುಕೊಂಡರೂ ತಾನಾಗಿ ರದ್ದಾಗುವುದಿಲ್ಲ. ಅದರ ಬಲದ ಮೇಲೆ ಹೊಸ ಕಂಪನಿಯಲ್ಲೂ ಮೂರು ಮೂರು ವರ್ಷದ ವಿಸ್ತರಣೆ ಸಿಗುತ್ತದೆ. 180 ದಿನ ಆಗುವ ಮೊದಲೇ ಕಂಪನಿ ವಾಪಸ್ ತೆಗೆದರೆ ವಿಸ್ತರಣೆಯ ಆಧಾರ ಹೋಗುತ್ತದೆ, ಆದರೆ ಟೋಕನ್ ದಿನಾಂಕ ಉಳಿಯುತ್ತದೆ. ಹಾಗಾಗಿ ನೂರೈವತ್ತನೇ ದಿನಕ್ಕೆ ಲೇಆಫ್ ಆದವರು ಎಚ್‌ಆರ್ ಹತ್ತಿರ ಕೇಳಬೇಕಾದ್ದು ಸೆವೆರೆನ್ಸ್ ಒಂದನ್ನೇ ಅಲ್ಲ. ಐ-140 ವಾಪಸ್ ತೆಗೆಯಬೇಡಿ ಎಂದು ಬರಹದಲ್ಲಿ ಕೇಳಬೇಕು. ವಾಪಸ್ ತೆಗೆಯಲೇಬೇಕು ಎಂಬ ಕಡ್ಡಾಯ ಕಂಪನಿಗೆ ಇಲ್ಲ, ಹಲವು ಕಂಪನಿಗಳು ತೆಗೆಯುವುದೂ ಇಲ್ಲ.

ಆದರೆ ಈ ಸುರಕ್ಷತೆಗೂ ಒಂದು ಮಿತಿ ಇದೆ. ಟೋಕನ್ 2014ರದ್ದೇ ಇರಬಹುದು, ಹೊಸ ಕಂಪನಿಯಲ್ಲಿ ಪರ್ಮ್, ಐ-140 ಎರಡೂ ಮತ್ತೆ ಆಗಬೇಕು. ಹತ್ತು ವರ್ಷ ಕಾದವರು ಮತ್ತೆ ಮೊದಲ ಗೇಟಿಗೆ ಹೋಗಿ ನಿಲ್ಲಬೇಕು. ಆ ಗೇಟು ಲೇಆಫ್ ಕಾಲದಲ್ಲೇ ಮುಚ್ಚಿಕೊಳ್ಳುತ್ತದೆ. ಒಂದು ಕಂಪನಿ ತನ್ನ ಜನರನ್ನು ತೆಗೆದ ಆರು ತಿಂಗಳ ಒಳಗೆ ಅದೇ ಊರಿನಲ್ಲಿ ಅದೇ ಬಗೆಯ ಕೆಲಸಕ್ಕೆ ಪರ್ಮ್ ಹಾಕಬೇಕಾದರೆ, ತಾನು ತೆಗೆದ ಅಮೆರಿಕನ್ ನೌಕರರಿಗೆ ತಿಳಿಸಿ ಅವರನ್ನು ಪರಿಗಣಿಸಬೇಕು. ಸಾವಿರಾರು ಎಂಜಿನಿಯರ್‌ಗಳನ್ನು ಈಗಷ್ಟೇ ಮನೆಗೆ ಕಳಿಸಿದ ಕಂಪನಿ ಅರ್ಹರು ಸಿಗಲಿಲ್ಲ ಎಂದು ಹೇಗೆ ತೋರಿಸೀತು? 2023ರಲ್ಲಿ ಗೂಗಲ್, ಅಮೆಜಾನ್ ಪರ್ಮ್ ನಿಲ್ಲಿಸಿದ್ದು ಸುದ್ದಿಯಾಯಿತು. ಹೀಗೆ ಲೇಆಫ್ ಪಟ್ಟಿಯಲ್ಲಿ ಹೆಸರಿಲ್ಲದವರಿಗೂ ಲೇಆಫ್ ತಟ್ಟುತ್ತದೆ. ಕೆಲಸ ಇದೆ, ಸಂಬಳ ಇದೆ, ಆರನೇ ವರ್ಷ ಮಾತ್ರ ಹತ್ತಿರ ಬರುತ್ತಿದೆ.

ಕೊನೆಯ ಗುಂಪು ಚಿಕ್ಕದು. ಐ-485 ಸಲ್ಲಿಸಿ 180 ದಿನ ಆದವರು. 2020ರ ಅಕ್ಟೋಬರ್‌ನಲ್ಲಿ ಮೂರನೇ ವರ್ಗವಾದ ಇಬಿ-3ರ ದಿನಾಂಕ ಇದ್ದಕ್ಕಿದ್ದಂತೆ ಮುಂದೆ ಜಿಗಿದಾಗ ಅರ್ಜಿ ಹಾಕಿದ ಭಾರತೀಯರು ಹಲವರು ಇಲ್ಲಿದ್ದಾರೆ. ಅದೇ ಬಗೆಯ ಬೇರೆ ಕೆಲಸಕ್ಕೆ ಅರ್ಜಿ ಸಮೇತ ಹೋಗಬಹುದು. ಕೆಲಸದ ಪರವಾನಗಿ ಬೇರೆಯೇ ಇರುವುದರಿಂದ 60 ದಿನದ ಲೆಕ್ಕ ಇವರನ್ನು ಹಾಗೆ ಕಾಡುವುದಿಲ್ಲ.

ಎಲ್‌-1ರಲ್ಲಿ, ಅಂದರೆ ತಮ್ಮದೇ ಕಂಪನಿಯ ಅಮೆರಿಕ ಕಚೇರಿಗೆ ವರ್ಗವಾಗುವವರ ವೀಸಾದಲ್ಲಿ ಬಂದವರ ಪಾಡು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಬೆಂಗಳೂರಿನ ಸರ್ವಿಸ್ ಕಂಪನಿಗಳಿಂದ ಹೋದ ಹಲವರ ಕೈಯಲ್ಲಿರುವುದು ಅದೇ. 60 ದಿನ ಅವರಿಗೂ ಸಿಗುತ್ತದೆ. ಆದರೆ ಎಲ್‌-1 ಬೇರೆ ಕಂಪನಿಗೆ ವರ್ಗವಾಗುವುದಿಲ್ಲ. ಹಿಂದೆ ಎಂದೂ ಎಚ್‌-1ಬಿ ಲಾಟರಿ ಗೆದ್ದಿಲ್ಲದಿದ್ದರೆ ಹೊಸ ಆಫರ್ ಇದ್ದೂ ಪ್ರಯೋಜನ ಕಡಿಮೆ.

ಗಡಿಯ ಯಾವ ಬದಿ?

ಇಲ್ಲಿಯವರೆಗಿನದ್ದು ಹಳೆಯ ಲೆಕ್ಕ. 2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ಇದಕ್ಕೆ ಹೊಸ ಗೆರೆ ಎಳೆಯಿತು. ಹೊಸ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು. ಮೊದಲ ಎರಡು ದಿನ ಎಲ್ಲರಿಗೂ ಗಾಬರಿ. ರಜೆಗೆ ಬಂದವರು ವಿಮಾನ ಹಿಡಿದು ಓಡಿದರು. ಅಕ್ಟೋಬರ್ 20ರಂದು ವಲಸೆ ಇಲಾಖೆ ಸ್ಪಷ್ಟಪಡಿಸಿತು: ಅಮೆರಿಕದ ಹೊರಗಿದ್ದು ಕೈಯಲ್ಲಿ ಚಾಲ್ತಿಯಲ್ಲಿರುವ ಎಚ್‌-1ಬಿ ವೀಸಾ ಇಲ್ಲದವರ ಹೊಸ ಅರ್ಜಿಗೆ ಈ ಹಣ. ಒಳಗಿದ್ದು ಕಂಪನಿ ಬದಲಿಸುವವರಿಗೆ, ವಿಸ್ತರಣೆ ಕೇಳುವವರಿಗೆ ಇಲ್ಲ. ಆದೇಶ 12 ತಿಂಗಳಿಗೆ ಎಂದು ಹೊರಟದ್ದು, ಮುಂದುವರಿಸುವ ಅವಕಾಶವೂ ಅದರಲ್ಲಿದೆ. ಕೋರ್ಟಿನಲ್ಲಿ ಪ್ರಶ್ನೆಯೂ ಆಗಿದೆ. ಹಾಗಾಗಿ ನೀವು ಓದುವ ದಿನ ಅದರ ಸ್ಥಿತಿ ಏನು ಅಂತ ಒಮ್ಮೆ ನೋಡಿಕೊಳ್ಳಿ.

ಲೇಆಫ್ ಆದವರಿಗೆ ಇದರ ಅರ್ಥ ಏನು? ಮೊದಲೆಲ್ಲ ಅನುಭವಿಗಳು ಕೊಡುತ್ತಿದ್ದ ಸಲಹೆ ಹೀಗಿತ್ತು. "60 ದಿನದಲ್ಲಿ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡ, ಬೆಂಗಳೂರಿಗೆ ಹೋಗಿ ಆರಾಮಾಗಿ ಹುಡುಕು. ಆರು ವರ್ಷದಲ್ಲಿ ಉಳಿದದ್ದು ನಿನ್ನದೇ, ಲಾಟರಿ ಬೇಕಿಲ್ಲ, ಮತ್ತೆ ಬಾ." ಅದು ಸರಿಯಾದ ಸಲಹೆಯೇ ಆಗಿತ್ತು. ಈಗ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್‌ನ ಅವಧಿ ಮುಗಿದಿರುವವರು ದೇಶ ಬಿಟ್ಟರೆ ಅವರನ್ನು ಮತ್ತೆ ಕರೆಸಿಕೊಳ್ಳಲು ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು. ತೀರಾ ಅಪರೂಪದ ಪರಿಣತಿ ಇಲ್ಲದಿದ್ದರೆ ಯಾರು ಕಟ್ಟುತ್ತಾರೆ? ಲಾಟರಿ ಬೇಡ ಅನ್ನುವ ಅನುಕೂಲ ಕಾಗದದ ಮೇಲೆ ಇದೆ, ದಾರಿ ಮಾತ್ರ ಕಟ್ಟಿಹೋಗಿದೆ. ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿರುವವರಿಗೆ, ಅದು ಹಳೆಯ ಕಂಪನಿಯ ಹೆಸರಿನಲ್ಲಿದ್ದರೂ, ಸ್ಥಿತಿ ಉತ್ತಮ. ಹಾಗಾಗಿ ಕೆಲಸ ಹೋದ ದಿನ ಪಾಸ್‌ಪೋರ್ಟ್ ತೆಗೆದು ನೋಡಬೇಕಾದ ಮೊದಲ ಪುಟ ಅದೇ.

ಇದರಿಂದ ಬಿ-2, ಅಂದರೆ ವಿಸಿಟರ್ ವೀಸಾದ ಲೆಕ್ಕವೂ ಬದಲಾಯಿತು. 60 ದಿನ ಮುಗಿಯುವ ಮೊದಲು ವಿಸಿಟರ್ ಸ್ಟೇಟಸ್‌ಗೆ ಬದಲಾಯಿಸಿ ಎಂದು ಐ-539 ಅರ್ಜಿ ಹಾಕಿ, ಅದು ತೀರ್ಮಾನ ಆಗುವ ತನಕ ಕೂತಿರುವುದು ತುಂಬ ಜನ ಹಿಡಿದ ದಾರಿ. ಕೆಲಸ ಮಾಡುವ ಹಾಗಿಲ್ಲ, ಆದರೆ ಇರಬಹುದು. ಮಕ್ಕಳ ಶಾಲೆಯ ವರ್ಷ ಮುಗಿಸಲು, ಮನೆ ಮಾರಲು ಇದು ಈಗಲೂ ಸರಿಯೇ. ಕೆಲಸ ಹುಡುಕಲು ಮಾತ್ರ ಅಪಾಯ ಹೆಚ್ಚಿದೆ. ಬಿ-2 ಬಾಕಿ ಇರುವಾಗ ನಾಲ್ಕನೇ ತಿಂಗಳಲ್ಲಿ ಹೊಸ ಕಂಪನಿ ಎಚ್‌-1ಬಿ ಅರ್ಜಿ ಹಾಕಿತು ಅನ್ನಿ. ಇಲಾಖೆ ಅರ್ಜಿ ಒಪ್ಪಿದರೂ, ನೀವು ಆಗ ಸ್ಟೇಟಸ್‌ನಲ್ಲಿ ಇರಲಿಲ್ಲ ಎಂದು ಒಳಗಿದ್ದೇ ಬದಲಾಯಿಸುವುದನ್ನು ನಿರಾಕರಿಸಬಹುದು. ಮೊದಲಾದರೆ ಒಂದು ಸಲ ಹೊರಗೆ ಹೋಗಿ ಸ್ಟಾಂಪ್ ಹಾಕಿಸಿಕೊಂಡು ಬಂದರೆ ಮುಗಿಯುತ್ತಿತ್ತು. ಈಗ ಹಾಗೆ ನಿರಾಕರಿಸಿದರೆ ಆ ಒಂದು ಲಕ್ಷ ಡಾಲರ್‌ನ ನಿಯಮ ಅನ್ವಯವಾಗುತ್ತದೆ ಎಂದು ಅದೇ ಅಕ್ಟೋಬರ್ ಸ್ಪಷ್ಟನೆ ಹೇಳುತ್ತದೆ. ಕಂಪನಿಗಳ ವಕೀಲರು ಈಗ ಬಿ-2 ಅಂದರೆ ಹಿಂದೆ ಸರಿಯುವುದು ಇದಕ್ಕೇ.

ಸ್ಟಾಂಪಿಂಗ್ ಕೂಡ ಮೊದಲಿನ ಹಾಗಿಲ್ಲ. ಮೆಕ್ಸಿಕೋಗೋ ಕೆನಡಾಕ್ಕೋ ಹೋಗಿ ಮುಗಿಸುವ ಅಭ್ಯಾಸಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ತಡೆ ಬಿತ್ತು. ತಮ್ಮ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಇಂಟರ್‌ವ್ಯೂ ಕೊಡಿ ಎಂದರು. ಡಿಸೆಂಬರ್‌ನಲ್ಲಿ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾದ ಮೇಲೆ ಭಾರತದಲ್ಲಿ ಸಿಕ್ಕಿದ್ದ ಅಪಾಯಿಂಟ್‌ಮೆಂಟ್‌ಗಳೂ ತಿಂಗಳುಗಟ್ಟಲೆ ಮುಂದೆ ಹೋದವು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾದಾಗ ನಾವೆಲ್ಲ ಖುಷಿಪಟ್ಟೆವು. ಆದರೆ ವೀಸಾ ಕೆಲಸ ಅದರ ಜೊತೆಗೇ ಶುರುವಾಗಲಿಲ್ಲ, ಚೆನ್ನೈ ರೈಲು ತಪ್ಪಲಿಲ್ಲ.

ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಎಚ್‌-1ಬಿ ಇದ್ದರೆ ಅದಕ್ಕಿಂತ ಒಳ್ಳೆಯ ವಿಮೆ ಇಲ್ಲ. ಕೆಲಸ ಹೋದವರು ಎಚ್‌-4ಗೆ, ಅಂದರೆ ಎಚ್‌-1ಬಿಯವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ಸ್ಟೇಟಸ್‌ಗೆ ಬದಲಾಗಿ ಒಳಗೇ ಇರಬಹುದು. ಆರು ವರ್ಷದ ಗಡಿಯಾರ ಆ ದಿನಗಳಲ್ಲಿ ನಿಂತಿರುತ್ತದೆ. ಕೆಲಸ ಸಿಕ್ಕಾಗ ಲಾಟರಿ ಇಲ್ಲದೆ, ಹೊರಗೆ ಹೋಗದೆ ವಾಪಸ್ ಎಚ್‌-1ಬಿ. ಕೆಲಸದಲ್ಲಿರುವವರ ಐ-140 ಅನುಮೋದನೆ ಆಗಿದ್ದರೆ ಎಚ್‌-4ರಲ್ಲೇ ಕೆಲಸದ ಪರವಾನಗಿ ಕೇಳಬಹುದು. 2015ರಿಂದ ಇರುವ ಅನುಕೂಲ ಇದು. ನವೀಕರಣದ ಅರ್ಜಿ ಬಾಕಿ ಇದ್ದಾಗ ತಾನಾಗಿ ಸಿಗುತ್ತಿದ್ದ ವಿಸ್ತರಣೆಯನ್ನು ಮಾತ್ರ 2025ರ ಅಕ್ಟೋಬರ್ 30ರಿಂದ ನಿಲ್ಲಿಸಿದ್ದಾರೆ. ಅರ್ಜಿ ತಡವಾದರೆ ಆ ಕೆಲಸಕ್ಕೂ ಕುತ್ತು. ಒಬ್ಬರ ಎಚ್‌-1ಬಿ ಮೇಲೆ ಇಡೀ ಮನೆ ನಿಂತಿದ್ದರೆ ಆ ಒಂದು ಕಂಬ ಬಿದ್ದಾಗ ಎಲ್ಲರ ಸ್ಟೇಟಸ್ ಒಟ್ಟಿಗೇ ಹೋಗುತ್ತದೆ. ಅಮೆರಿಕದಲ್ಲೇ ಹುಟ್ಟಿದ ತಂಗಿ ಅಲ್ಲಿನ ಪ್ರಜೆ, ಬೆಂಗಳೂರಲ್ಲಿ ಹುಟ್ಟಿ ಎರಡು ವರ್ಷಕ್ಕೆ ಹೋದ ಅಣ್ಣ ಎಚ್‌-4. ಅವನಿಗೆ 21 ತುಂಬಿದರೆ ಅಪ್ಪನ ಟೋಕನ್ ಅವನಿಗೆ ಸಿಗುವುದು ಕಷ್ಟ. ಹದಿನಾರು, ಹದಿನೇಳು ವಯಸ್ಸಿನ ಮಕ್ಕಳಿರುವ ಮನೆಗೆ ಲೇಆಫ್ ಅಂದರೆ, ಟೋಕನ್ ಉಳಿದರೂ, ಪರ್ಮ್ ಮತ್ತೆ ಮಾಡುವುದರಲ್ಲೇ ಇನ್ನೂ ಎರಡು ವರ್ಷ ಕಳೆದಂತೆ.

ದಿನ ಮುಗಿಯುತ್ತಾ ಬಂದಾಗ ಕೆಲವು ಕರೆಗಳು ಬರುತ್ತವೆ. "ಪ್ರಾಜೆಕ್ಟ್ ಇಲ್ಲದಿದ್ದರೂ ಪೇರೋಲ್ ಓಡಿಸಿಕೊಡುತ್ತೇವೆ, ದುಡ್ಡು ನೀವೇ ಕಟ್ಟಿ." ಇದು ಸಹಾಯ ಅಲ್ಲ, ವಂಚನೆ. ಬೆಂಚ್ ಮೇಲೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತವರಿಗೂ ಕಂಪನಿಯೇ ಸಂಬಳ ಕೊಡಬೇಕು ಅನ್ನುತ್ತದೆ ಕಾನೂನು. ಹತ್ತು ವರ್ಷ ಆದಮೇಲೆ ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲಿ ಆ ಮೂರು ತಿಂಗಳ ಪೇ ಸ್ಟಬ್ ಕೇಳಬಹುದು. ಬಿಡುವು ಮುಗಿದ ಮೇಲೂ ಏನೂ ಅರ್ಜಿ ಹಾಕದೆ ಸುಮ್ನೆ ಕೂತಿರುವುದು ಅದಕ್ಕಿಂತ ಕೆಟ್ಟದ್ದು. ಅಕ್ರಮವಾಗಿ 180 ದಿನ ದಾಟಿ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷವೇ ದಾಟಿದರೆ ಹತ್ತು ವರ್ಷ ವಾಪಸ್ ಬರುವ ಹಾಗಿಲ್ಲ.

ವಾಪಸ್ ಬರುವುದೇ ಆದರೆ

ಬೆಂಗಳೂರಿಗೆ ಬರುವುದನ್ನು ಸೋಲಿನ ಹಾಗೆ ನೋಡುವುದರಿಂದ ಜನ ಕೊನೆಯ ವಾರದ ತನಕ ಅದರ ಲೆಕ್ಕವನ್ನೇ ಹಾಕುವುದಿಲ್ಲ. ನನಗೆ ಕಂಡ ದೊಡ್ಡ ತಪ್ಪು ಅದು. ಇದೇ ದೊಡ್ಡ ಕಂಪನಿಗಳ ಕಚೇರಿಗಳು ಮಾನ್ಯತಾ, ಬೆಳ್ಳಂದೂರು, ವೈಟ್‌ಫೀಲ್ಡ್‌ನಲ್ಲಿವೆ. ಲೇಆಫ್ ಸುಳಿವು ಸಿಕ್ಕಾಗಲೇ ಒಳಗಿನಿಂದ ಬೆಂಗಳೂರಿಗೋ ವ್ಯಾಂಕೂವರ್‌ಗೋ ವರ್ಗ ಕೇಳಿಕೊಂಡರೆ ಒಂದು ದಾರಿ ತೆರೆದಿರುತ್ತದೆ. ಹೊರದೇಶದಲ್ಲಿ ಅದೇ ಕಂಪನಿಗೆ ಪೂರ್ತಿ ಒಂದು ವರ್ಷ ದುಡಿದವರು ಎಲ್‌-1ಗೆ ಅರ್ಹರಾಗಬಹುದು. ಆ ಒಂದು ಲಕ್ಷ ಡಾಲರ್ ಎಲ್‌-1ಗೆ ಇಲ್ಲ. ಆ ವರ್ಷ ಮ್ಯಾನೇಜರ್ ಹುದ್ದೆಯಲ್ಲಿದ್ದವರಿಗೆ ಗ್ರೀನ್ ಕಾರ್ಡಿನ ಮೊದಲ ವರ್ಗವಾದ ಇಬಿ-1 ಸಾಲಿನ ಆಸೆಯೂ ಉಂಟು. ಆ ಸಾಲು ಇಬಿ-2ರಷ್ಟು ಉದ್ದ ಇಲ್ಲ. ಅನುಮೋದನೆಯಾದ ಐ-140ರ ಟೋಕನ್ ದಿನಾಂಕವೂ ಊರಿಗೆ ಬಂದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಅವಸರ ಬೇಡ. ನಿವೃತ್ತಿಗಾಗಿ ಉಳಿಸುವ 401ಕೆ ಖಾತೆಯನ್ನು ಹೊರಡುವ ಗಡಿಬಿಡಿಯಲ್ಲಿ ಒಡೆದರೆ ತೆರಿಗೆಯ ಜೊತೆಗೆ ತೆಗೆದ ಹಣದ ಶೇ. 10 ದಂಡ ಬೇರೆ. ಅದನ್ನು ಅಲ್ಲೇ ಬಿಟ್ಟು ಬರಬಹುದು. ಹಲವು ವರ್ಷ ಹೊರಗಿದ್ದು ಬಂದವರಿಗೆ ಭಾರತದ ಆದಾಯ ತೆರಿಗೆಯಲ್ಲಿ ಆರ್‌ಎನ್‌ಒಆರ್ ಎಂಬ ಮಧ್ಯದ ಸ್ಥಿತಿ ಸಾಮಾನ್ಯವಾಗಿ ಎರಡು ಮೂರು ವರ್ಷ ಸಿಗುತ್ತದೆ. ಆಗ ಹೊರದೇಶದ ಆದಾಯಕ್ಕೆ ಹೆಚ್ಚಾಗಿ ಇಲ್ಲಿ ತೆರಿಗೆ ಇಲ್ಲ. ಷೇರು ಮಾರುವುದಿದ್ದರೆ ಆ ಹೊತ್ತಿನಲ್ಲೇ ಯೋಚಿಸಬಹುದು. ಬೇಸರದ ಸಂಗತಿ ಎಂದರೆ ಸೋಷಿಯಲ್ ಸೆಕ್ಯುರಿಟಿ, ಅಲ್ಲಿನ ಸರ್ಕಾರದ ಪಿಂಚಣಿ ಯೋಜನೆ. ಪ್ರತಿ ಸಂಬಳದಲ್ಲಿ ಶೇ. 6.2 ಕಡಿತ. ಆದರೆ ಹತ್ತು ವರ್ಷದಷ್ಟು ಕ್ರೆಡಿಟ್ ಆಗದಿದ್ದರೆ ಪಿಂಚಣಿ ಇಲ್ಲ. ಭಾರತ, ಅಮೆರಿಕದ ನಡುವೆ ಇದನ್ನು ಜೋಡಿಸುವ ಒಪ್ಪಂದವೂ ಇಲ್ಲ. ಎಂಟು ವರ್ಷ ಕಟ್ಟಿ ಬಂದವರು ಕಟ್ಟಿದ್ದು ಅಲ್ಲಿಗೇ ಹೋಯಿತು.

ಇದೆಲ್ಲ ಸರಿ ಮಾಡುವ ಪ್ರಯತ್ನವೇ ಆಗಿಲ್ಲ ಎಂದಲ್ಲ. ಬೈಡನ್ ಕಾಲದಲ್ಲಿ ಏಷ್ಯನ್ ಅಮೆರಿಕನ್ನರ ಕುರಿತ ಅಧ್ಯಕ್ಷರ ಸಲಹಾ ಆಯೋಗ 60 ದಿನವನ್ನು 180ಕ್ಕೆ ಏರಿಸಿ ಎಂದು ಶಿಫಾರಸು ಮಾಡಿತ್ತು. ಜಾರಿಯಾಗಲಿಲ್ಲ. ಶೇ. 7ರ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು. ಅಷ್ಟು ಹತ್ತಿರ ಮತ್ತೆ ಬಂದಿಲ್ಲ. ಸಾಲಿನಲ್ಲಿರುವವರಿಗೆ ಅಲ್ಲಿ ಓಟಿಲ್ಲ. ಮಿತಿ ತೆಗೆದರೆ ಬೇರೆ ದೇಶದವರು ಹೆಚ್ಚು ಕಾಯಬೇಕಾಗುತ್ತದೆ ಅನ್ನುವ ವಾದವೂ ಸುಳ್ಳಲ್ಲ. ಒಟ್ಟು ಸಂಖ್ಯೆ ಹೆಚ್ಚಿಸದೆ ಈ ಗಂಟು ಬಿಡುವುದಿಲ್ಲ. ಸಂಖ್ಯೆ ಹೆಚ್ಚಿಸುವ ಮಾತು ಈಗ ಅಲ್ಲಿ ಯಾವ ಪಕ್ಷದ ಬಾಯಲ್ಲೂ ಗಟ್ಟಿಯಾಗಿ ಕೇಳುತ್ತಿಲ್ಲ.

ಹಾಗಾಗಿ ಕೆಲಸ ಇರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಐ-140 ಅನುಮೋದನೆ ಪತ್ರದ ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿ ಇದೆಯಾ ನೋಡಿ, ಕಂಪನಿ ಲ್ಯಾಪ್‌ಟಾಪಿನಲ್ಲಿ ಅಲ್ಲ. ಅರ್ಜಿದಾರ ಕಂಪನಿಯೇ ಆದ್ದರಿಂದ ಹಲವು ಕಡೆ ಅದನ್ನು ನೌಕರರಿಗೆ ಕೊಡುವುದೇ ಇಲ್ಲ. ಕನಿಷ್ಠ ರಸೀದಿ ಸಂಖ್ಯೆ, ಅನುಮೋದನೆಯ ದಿನ, ಪ್ರಯಾರಿಟಿ ಡೇಟ್ ಬರೆದಿಟ್ಟುಕೊಳ್ಳಿ. ಅದೂ ಕೊಡದಿದ್ದರೆ ಮಾಹಿತಿ ಹಕ್ಕಿನ ಅಲ್ಲಿನ ಕಾನೂನು ಫೋಯಾ ಅಡಿಯಲ್ಲಿ ವಲಸೆ ಇಲಾಖೆಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಿ ನಿಮ್ಮ ಕಡತದ ಪ್ರತಿ ಕೇಳಬಹುದು. ಉತ್ತರ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಲೇಆಫ್ ಆದ ಮೇಲೆ ಹಾಕಿದರೆ ಆ 60 ದಿನದ ಒಳಗೆ ಬರುತ್ತದೆ ಎಂಬ ಭರವಸೆ ಇಲ್ಲ.